ಗಣಕಯಂತ್ರವು ಗಟ್ಟಿಯಾಗಿ ಓದುವ ಬಗೆ

ಈ ತಿಂಗಳ ನಮ್ಮ ಪುಟವನ್ನು ಮನೆಯ ಹಿರಿಯರು ಹುಡುಗರನ್ನು ಹತ್ತಿರ ಕೂರಿಸಿಕೊಂಡು ಓದಬೇಕೆಂದು ಕೋರುತ್ತೇವೆ. ವಿಷಯವು ಅವರದೇ. ಕೈಯಲ್ಲಿ ಹಿಡಿಯುವ ಫೋನು ಪತ್ರಿಕೆಯ ಸುದ್ದಿಯನ್ನು ಗಟ್ಟಿಯಾಗಿ ಓದುವುದನ್ನು ಕೇಳಿದ ಮಕ್ಕಳು “ಇದರೊಳಗೆ ಓದುತ್ತಿರುವವರು ಯಾರು?” ಎಂದು ಕೇಳದೆ ಬಿಡುವುದಿಲ್ಲ. “ಅದು ಕಂಪ್ಯೂಟರು, ಅದಕ್ಕೆ ಎಲ್ಲವೂ ಬರುತ್ತದೆ” ಎಂದು ಹೇಳಿ ಸುಮ್ಮನಾಗಿಸುವುದು ಸುಲಭ; ಆದರೆ ಅದು ಉತ್ತರವಲ್ಲ, ಸತ್ಯವೂ ಅಲ್ಲ. ಆ ಯಂತ್ರಕ್ಕೆ ಏನು ಬರುತ್ತದೆ, ಏನು ಬಾರದು ಎಂಬುದರಲ್ಲಿಯೇ ಈ ವಿಷಯದ ಸ್ವಾರಸ್ಯವೆಲ್ಲ ಅಡಗಿದೆ.

ಮೊದಲು ಒಂದು ಭೇದವನ್ನು ತಿಳಿದುಕೊಳ್ಳೋಣ. ಲಿಫ್ಟಿನಲ್ಲಿ ಬಾಗಿಲು ಮುಚ್ಚುತ್ತಿದೆಯೆಂದು ಹೇಳುವ ಧ್ವನಿಯು ಯಾರೋ ಒಬ್ಬರು ಹಿಂದೆ ಹೇಳಿದ ಮಾತಿನ ಮುದ್ರಿಕೆ. ಗ್ರಾಮೊಫೋನಿನ ತಟ್ಟೆಯಂತೆ ಅದು ಹೇಳಿದ್ದನ್ನೇ ಹೇಳುತ್ತದೆ. ರೈಲು ನಿಲ್ದಾಣದ ಪ್ರಕಟಣೆ ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಅಲ್ಲಿ ಊರುಗಳ ಹೆಸರು, ಅಂಕಿಗಳು, “ಬರಲಿದೆ” “ಹೊರಡಲಿದೆ” ಎಂಬ ಮಾತುಗಳನ್ನು ಬೇರೆಬೇರೆಯಾಗಿ ಮುದ್ರಿಸಿಟ್ಟು, ಬೇಕಾದಾಗ ಹೂವಿನಂತೆ ಪೋಣಿಸುತ್ತಾರೆ. ಆದಕಾರಣವೇ ನಡುನಡುವೆ ಧ್ವನಿಯು ಮೇಲಕ್ಕೂ ಕೆಳಕ್ಕೂ ಕುಪ್ಪಳಿಸಿದಂತೆ ಕೇಳುತ್ತದೆ. ಇವೆರಡೂ ಓದುವಿಕೆಯಲ್ಲ. ತಾನು ಎಂದೂ ಕಾಣದ ವಾಕ್ಯವನ್ನು, ನೀವು ಈ ಹೊತ್ತು ಬರೆದ ಕಾಗದವನ್ನು, ಬರೆದಂತೆಯೇ ಉಚ್ಚರಿಸಬಲ್ಲದು ಯಾವುದೋ ಅದು ಮಾತ್ರ ಓದುವ ಯಂತ್ರ.

ಓದಬೇಕಾದರೆ ಧ್ವನಿ ಬೇಕಷ್ಟೆ. ಮನುಷ್ಯನಲ್ಲಿ ಧ್ವನಿಯು ಹೇಗೆ ಹುಟ್ಟುತ್ತದೆ? ಹದಿಮೂರನೆಯ ಶತಮಾನದಲ್ಲಿದ್ದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ, ಹೊಕ್ಕುಳಿನ ಮೂಲದಿಂದ ಉಸಿರಿನ ಬಲದಿಂದ ಏಳುವ ಶಬ್ದವನ್ನು ಕಹಳೆಗೆ ಹೋಲಿಸಿದ್ದಾನೆ. ಇದು ಬಹಳ ಒಳ್ಳೆಯ ಹೋಲಿಕೆ. ಊದುವವನ ತುಟಿಯ ಅದಿರಾಟ ಬೇರೆ, ಅದನ್ನು ನಾದವಾಗಿ ತಿದ್ದಿ ಹೊರಕ್ಕೆ ಬಿಡುವ ಕೊಳವೆ ಬೇರೆ. ನಮ್ಮ ಗಂಟಲಿನಲ್ಲಿರುವ ಎರಡು ಚಿಕ್ಕ ಮಡಿಕೆಗಳು ಉಸಿರು ತಾಗಿ ಅದಿರುತ್ತವೆ. ಬಾಯಿ ಮೂಗುಗಳೆಂಬ ಕೊಳವೆ ಆ ಅದಿರಾಟಕ್ಕೆ ರೂಪ ಕೊಡುತ್ತದೆ. ಮಕ್ಕಳೇ, ಎರಡು ಬೆರಳುಗಳನ್ನು ಗಂಟಲಿನ ಮೇಲಿಟ್ಟು “ಅ” ಎಂದು ಎಳೆಯಿರಿ. ಬೆರಳಿಗೆ ಅದಿರಾಟ ತಿಳಿಯುವುದು. ಈಗ “ಸ್‌ಸ್” ಎಂದು ಹಾವಿನಂತೆ ಬುಸುಗುಟ್ಟಿರಿ, ಅದಿರಾಟ ನಿಂತುಹೋಗುವುದು. ಮೊದಲನೆಯದು ನಾದ, ಎರಡನೆಯದು ಬರಿಯ ಶ್ವಾಸ. ಪ್ರಾತಿಶಾಖ್ಯಗಳನ್ನು ರಚಿಸಿದ ನಮ್ಮ ಪ್ರಾಚೀನರು ಈ ಭೇದವನ್ನು ಇವೇ ಹೆಸರುಗಳಿಂದ ಗುರುತಿಸಿದ್ದಾರೆ. ಇನ್ನು “ಅ, ಇ, ಉ” ಎಂದು ಉಸಿರು ಬಿಡದೆ ಹೇಳಿರಿ. ಗಂಟಲಿನ ನಾದ ಒಂದೇ. ನಾಲಗೆ ತುಟಿಗಳು ಕೊಳವೆಯ ಆಕಾರವನ್ನು ಬದಲಿಸಿದ್ದರಿಂದ ಸ್ವರ ಮೂರಾಯಿತು. ಕಂಠದಿಂದ ತುಟಿಯವರೆಗೆ ಕ, ಚ, ಟ, ತ, ಪ ಎಂದು ಸಾಲಾಗಿ ನಿಂತಿರುವ ನಮ್ಮ ವರ್ಣಮಾಲೆ ಬಾಯಿಯ ಭೂಪಟವೇ ಆಗಿದೆ. ಅದನ್ನು ಬರಿಯ ಕಂಠಪಾಠವೆಂದು ಬಗೆಯುವ ಹುಡುಗರು ಕನ್ನಡಿಯ ಮುಂದೆ ನಿಂತು ಒಮ್ಮೆ ಹೇಳಿ ನೋಡಲಿ.

ಇಷ್ಟು ತಿಳಿದ ಮೇಲೆ ಕೃತಕವಾದ ಬಾಯಿಯನ್ನು ಮಾಡುವ ಆಸೆ ಜಾಣರಿಗೆ ಹುಟ್ಟಿದ್ದು ಆಶ್ಚರ್ಯವಲ್ಲ. 1780ರಲ್ಲಿ ಕ್ರಾಟ್ಸೆನ್‌ಸ್ಟೈನ್ ಎಂಬ ಪಂಡಿತರು ಐದು ಸ್ವರಗಳನ್ನು ನುಡಿಯುವ ಐದು ಕೊಳವೆಗಳನ್ನು ಮಾಡಿ, ರಷ್ಯಾದೇಶದ ಸೇಂಟ್ ಪೀಟರ್ಸ್‌ಬರ್ಗಿನ ವಿದ್ವತ್ಸಭೆಯ ಬಹುಮಾನವನ್ನು ಪಡೆದರು. ಅದೇ ಕಾಲದಲ್ಲಿ ವಿಯೆನ್ನಾದ ಆಸ್ಥಾನದಲ್ಲಿದ್ದ ಕೆಂಪೆಲೆನ್ ಎಂಬವರು ಇಪ್ಪತ್ತು ವರುಷ ದುಡಿದು ಮಾತಾಡುವ ಯಂತ್ರವೊಂದನ್ನು ಕಟ್ಟಿ, 1791ರಲ್ಲಿ ಅದರ ವಿವರವನ್ನು ಪುಸ್ತಕವಾಗಿ ಪ್ರಕಟಿಸಿದರು. ಶ್ವಾಸಕೋಶಕ್ಕೆ ಬದಲು ತಿದಿ, ಗಂಟಲಿಗೆ ಬದಲು ಅದಿರುವ ನಾಲಗೆಪಟ್ಟಿ, ಬಾಯಿಗೆ ಬದಲು ಅಂಗೈಯಿಂದ ಮುಚ್ಚಿ ತೆರೆಯುವ ಬಟ್ಟಲು, ಮೂಗಿಗೆ ಎರಡು ಸಣ್ಣ ಕೊಳವೆ, ಇಷ್ಟೇ ಅದರ ಅಂಗಾಂಗ. ಆದರೆ ಇದೇ ಕೆಂಪೆಲೆನ್ನರು ಹಿಂದೆ ಚದುರಂಗವಾಡುವ ಬೊಂಬೆಯೊಂದನ್ನು ಮಾಡಿ, ಅದರ ಪೆಟ್ಟಿಗೆಯೊಳಗೆ ಮನುಷ್ಯನನ್ನು ಬಚ್ಚಿಟ್ಟು ಆಡಿಸಿದ್ದರು. ಹೀಗಿರಲಾಗಿ, ನಿಜವಾಗಿಯೂ ಮಾತಾಡಿದ ಅವರ ಯಂತ್ರದೊಳಗೂ ಯಾರೋ ಇರಬೇಕೆಂದು ಜನ ಸಂಶಯಪಟ್ಟಿದ್ದರೆ ತಪ್ಪೇನು? “ಒಳಗೆ ಯಾರು?” ಎಂಬ ನಿಮ್ಮ ಪ್ರಶ್ನೆ ಅಷ್ಟು ಹಳೆಯದು.

ಮುಂದೆ ಇಂಗ್ಲೆಂಡಿನ ವೀಟ್‌ಸ್ಟನ್ ಎಂಬವರು ಆ ಯಂತ್ರವನ್ನು ಮತ್ತೆ ಕಟ್ಟಿದರು. ಅದನ್ನು ಕಂಡ ಬಾಲಕನೊಬ್ಬನು ಮನೆಗೆ ಹೋಗಿ ಅಣ್ಣನೊಡನೆ ಸೇರಿ ತಾನೂ ಒಂದು ಮಾತಾಡುವ ತಲೆಯನ್ನು ಮಾಡಿದನು. ಅಷ್ಟಕ್ಕೆ ತೃಪ್ತಿಯಿಲ್ಲದೆ ಮನೆಯ ನಾಯಿಗೆ ಬಿಡದೆ ಗುರುಗುಟ್ಟುವುದನ್ನು ಕಲಿಸಿ, ಅದರ ದವಡೆಯನ್ನು ಕೈಯಿಂದ ಅಲುಗಿಸಿ ಮಾತಿನಂಥ ಶಬ್ದವನ್ನು ಹೊರಡಿಸಿದನು. ನಾಯಿಯ ಗುರುಗುಟ್ಟು ನಾದ, ಹುಡುಗನ ಕೈ ಕೊಳವೆಯ ಆಕಾರ. ತತ್ತ್ವವೇನೋ ಸರಿಯಾಗಿಯೇ ಇದೆ! ಆ ಹುಡುಗನೇ ಮುಂದೆ ಟೆಲಿಫೋನಿನಿಂದ ಪ್ರಸಿದ್ಧರಾದ ಅಲೆಕ್ಸಾಂಡರ್ ಗ್ರಹಾಂ ಬೆಲ್. ಅವರ ಹೆಸರಿನ ಪ್ರಯೋಗಶಾಲೆಯಲ್ಲಿ ಹೋಮರ್ ಡಡ್ಲೆ ಎಂಬವರು ವಿದ್ಯುತ್ತಿನಿಂದ ಮಾತಾಡುವ “ವೋಡರ್” ಎಂಬ ಉಪಕರಣವನ್ನು ಮಾಡಿ 1939ರ ನ್ಯೂಯಾರ್ಕಿನ ಮಹಾಪ್ರದರ್ಶನದಲ್ಲಿ ಇಟ್ಟರು. ಅದನ್ನು ಹಾರ್ಮೋನಿಯಮ್ಮಿನಂತೆ ಬೆರಳುಗಳಿಂದ ನುಡಿಸಬೇಕು. ಮಣಿಕಟ್ಟಿನ ಬಳಿಯಿದ್ದ ಒಂದು ಪಟ್ಟಿಯನ್ನು ಒತ್ತಿದರೆ ಝೇಂಕಾರ, ಬಿಟ್ಟರೆ ಬುಸುಗುಟ್ಟುವಿಕೆ; ಎಂದರೆ, ಒಂದು ನಾದ ಮತ್ತೊಂದು ಶ್ವಾಸ. ಸ್ವರದ ಏರಿಳಿತಕ್ಕೆ ಕಾಲಿನ ಮಣೆ. ಅದನ್ನು ನುಡಿಸಲು ಆಯ್ದ ಯುವತಿಯರಿಗೆ ಸುಮಾರು ಒಂದು ವರುಷದ ಶಿಕ್ಷಣ ಬೇಕಾಯಿತು. ಹೀಗೆ ಯಂತ್ರಕ್ಕೆ ಬಾಯಿ ಬಂದಿತು. ಆದರೆ ಓದು ಬರಲಿಲ್ಲ. ಯಾವ ಅಕ್ಷರಕ್ಕೆ ಯಾವ ಧ್ವನಿಯೆಂಬ ತಿಳಿವಳಿಕೆಯೆಲ್ಲ ನುಡಿಸುವವಳ ತಲೆಯಲ್ಲಿಯೇ ಇತ್ತು.

ಪಾಣಿನೀಯ ಶಿಕ್ಷೆ ಎಂಬ ಚಿಕ್ಕ ಗ್ರಂಥದಲ್ಲಿ ಕೆಟ್ಟ ಪಾಠಕರು ಆರು ಬಗೆಯೆಂದು ಎಣಿಸಿದೆ. ಅವರಲ್ಲಿ ಕಂಠ ಸಾಲದವನೊಬ್ಬ, ಅರ್ಥ ತಿಳಿಯದವನೊಬ್ಬ. ನಾವು ತರಗತಿಯಲ್ಲಿ ಇಬ್ಬರನ್ನೂ ಬೇಕಾದಷ್ಟು ಕಂಡಿದ್ದೇವೆ. ಓದುವ ಯಂತ್ರದ ಇತಿಹಾಸವೆಲ್ಲ ಈ ಎರಡು ದೋಷಗಳೊಡನೆ ನಡೆದ ಹೋರಾಟವೆಂದು ಹೇಳಬಹುದು. ಮೊದಲನೆಯ ದೋಷವು ಬಹುಮಟ್ಟಿಗೆ ತೀರಿತು. ಎರಡನೆಯದರ ಕಥೆಯನ್ನು ಸಾವಕಾಶವಾಗಿ ನೋಡೋಣ.

ಗಣಕಯಂತ್ರಕ್ಕೆ ಅಕ್ಷರವು ನಮಗೆ ಕಾಣುವಂತೆ ಕಾಣದು. ಅದರಲ್ಲಿ ಅಕ್ಷರವೆಂದರೆ ಒಂದು ಸಂಖ್ಯೆ. ಲೋಕದ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಎಂಬ ಪಟ್ಟಿಯ ಮೊದಲ ಆವೃತ್ತಿ 1991ರಲ್ಲಿ ಹೊರಟಿತು. ಕನ್ನಡಕ್ಕೆ ಅದರಲ್ಲಿಯೇ ಸ್ಥಾನ ದೊರೆಯಿತು. ಅದರಂತೆ “ಕಮಲ” ಎಂದು ಬರೆದರೆ ಯಂತ್ರದ ಪಾಲಿಗೆ 3221, 3246, 3250 ಎಂದಾಯಿತು. “ಕಾ” ಎಂದು ಬರೆದರೆ 3221ರ ಮುಂದೆ ದೀರ್ಘದ ಗುರುತಾಗಿ 3262. ಕಾಗುಣಿತವನ್ನು ಬಲ್ಲ ಮಕ್ಕಳಿಗೆ ಇದರಲ್ಲಿ ಹೊಸದೇನೂ ಇಲ್ಲ. ಅಚ್ಚಾದ ಕಾಗದವನ್ನು ಓದಬೇಕಾದರೆ ಮೊದಲು ಕ್ಯಾಮೆರಾ ಅದರ ಚಿತ್ರವನ್ನು ತೆಗೆದು, ಆಕಾರಗಳನ್ನು ನೋಡಿ ಇವೇ ಸಂಖ್ಯೆಗಳಾಗಿ ಮಾರ್ಪಡಿಸಬೇಕು.

ಸಂಖ್ಯೆಗಳ ಸಾಲು ಕೈಗೆ ಬಂದೊಡನೆ ಯಂತ್ರವು ಉಚ್ಚಾರಕ್ಕೆ ಹೊರಡುವಂತಿಲ್ಲ. ಬರೆದದ್ದರಲ್ಲಿ ಎಷ್ಟೋ ಭಾಗ ಮಾತಲ್ಲವೇ ಅಲ್ಲ, ಮಾತಿನ ಗುರುತು. ಮನೆಗೆ ಬಂದ ಒಂದು ಲಗ್ನಪತ್ರಿಕೆಯನ್ನು ಕೈಗೆ ತೆಗೆದುಕೊಳ್ಳಿ. “ಚಿ|| ರಾ||” ಎಂದಿರುವುದನ್ನು ನೀವು “ಚಿರಂಜೀವಿ ರಾಜಶ್ರೀ” ಎಂದು ಓದುತ್ತೀರಿ. “ಚಿ|| ಸೌ||” ಎಂಬುದು “ಚಿರಂಜೀವಿ ಸೌಭಾಗ್ಯವತಿ”. ಕಲಿಸದ ಯಂತ್ರವು ಇದನ್ನು “ಚಿ ಸೌ” ಎಂದು ಓದಿದರೆ ವಧುವಿನ ಕಡೆಯವರಿಗೆ ಹೇಗಾಗಬೇಡ? ಅದೇ ಪತ್ರಿಕೆಯಲ್ಲಿ “ದಿ|| ರಂಗರಾಯರ ಮೊಮ್ಮಗಳು” ಎಂದೂ ಇರುತ್ತದೆ, “ದಿ|| 12-2-2026” ಎಂದೂ ಇರುತ್ತದೆ. ಮೊದಲನೆಯದು ದಿವಂಗತ, ಎರಡನೆಯದು ದಿನಾಂಕ. ಒಂದರ ಬದಲಿಗೆ ಇನ್ನೊಂದನ್ನು ಓದಿದರೆ ಶುಭಕಾರ್ಯದ ದಿನವೇ ದಿವಂಗತವಾಗಿ ಹೋಗುವುದು! ಮುಂದೆ ಅಂಕಿಯಿದ್ದರೆ ದಿನಾಂಕ, ಹೆಸರಿದ್ದರೆ ದಿವಂಗತ ಎಂಬ ನಿಯಮವನ್ನು ಯಂತ್ರಕ್ಕೆ ಯಾರಾದರೂ ಬರೆದುಕೊಡಬೇಕು, ಇಲ್ಲವೆ ಸಾವಿರಾರು ಉದಾಹರಣೆಗಳಿಂದ ಅದೇ ಕಲಿಯುವಂತೆ ಮಾಡಬೇಕು.

ಅಂಕಿಗಳ ವಿಷಯದಲ್ಲಿ ನಮ್ಮ ಭಾಷೆ ಇನ್ನೂ ಬಿಗಿಯಾದ ಪರೀಕ್ಷೆಯನ್ನು ಒಡ್ಡುತ್ತದೆ. “1947ರಲ್ಲಿ” ಎಂದರೆ “ಸಾವಿರದ ಒಂಬೈನೂರ ನಲವತ್ತೇಳರಲ್ಲಿ” ಎಂದು ಅಂಕಿಯ ಕೊನೆಯ ಸ್ವರವು ಲೋಪವಾಗಿ ವಿಭಕ್ತಿಯೊಡನೆ ಬೆರೆಯಬೇಕು. ಫೋನಿನ ಸಂಖ್ಯೆಯನ್ನಾದರೋ ಒಂದೊಂದೇ ಅಂಕಿಯಾಗಿ ಹೇಳಬೇಕು. “2.30ಕ್ಕೆ ಬನ್ನಿ” ಎಂದು ಬರೆದದ್ದನ್ನು ನಾವು “ಎರಡೂವರೆಗೆ ಬನ್ನಿ” ಎಂದು ಓದುತ್ತೇವೆ, ಇಲ್ಲಿ “ಕ್ಕೆ” ಎಂಬ ಪ್ರತ್ಯಯವೇ “ಗೆ” ಎಂದು ಬದಲಾಯಿತೆಂಬುದನ್ನು ಗಮನಿಸಿದಿರಾ? “2 ಆಡುಗಳು” ಎಂದರೆ ಎರಡು ಆಡುಗಳು. “2 ಹುಡುಗರು” ಎಂದರೆ ಇಬ್ಬರು ಹುಡುಗರು. ಮುಂದೆ ಬರುವುದು ಮನುಷ್ಯರೋ ಅಲ್ಲವೋ ಎಂಬುದನ್ನು ತಿಳಿಯದವನು ಕನ್ನಡದಲ್ಲಿ “2” ಎಂಬ ಒಂದು ಅಂಕಿಯನ್ನು ಕೂಡ ಸರಿಯಾಗಿ ಓದಲಾರನು. ಮೂರು ವರುಷದ ಮಗು “ಎರಡು ಅಕ್ಕಂದಿರು” ಎಂದರೆ ಅಜ್ಜಿ ನಕ್ಕು ತಿದ್ದುತ್ತಾಳೆ. ಯಂತ್ರವನ್ನು ತಿದ್ದುವವರೂ ಅದನ್ನೇ ಮಾಡಬೇಕಾಗಿದೆ.

ಇದು ಬರಿಯ ನಗುವಿನ ಮಾತಲ್ಲ. ಔಷಧದ ಚೀಟಿಯಲ್ಲಿ “1/2 ಮಾತ್ರೆ” ಎಂದು ಬರೆದಿರುವುದುಂಟು. ಓದಬಲ್ಲವನು “ಅರ್ಧ ಮಾತ್ರೆ” ಎನ್ನುತ್ತಾನೆ. ನಡುವಿನ ಗೆರೆಯನ್ನು ಬಿಟ್ಟು ಓದುವ ಯಂತ್ರವು “ಒಂದು ಎರಡು ಮಾತ್ರೆ” ಎಂದರೆ, ಕಣ್ಣು ಮಂಜಾದ ಮುದುಕರು ಅದನ್ನು ನಂಬಿ ಏನು ಮಾಡಬೇಕು? ಕಣ್ಣಿದ್ದವನಿಗೆ ತಪ್ಪು ಓದು ವಿನೋದವಾಗಬಹುದು. ಕಿವಿಯೊಂದನ್ನೇ ನಂಬಿದವನಿಗೆ ಅದು ಆಪತ್ತು.

ಗುರುತುಗಳೆಲ್ಲ ಮಾತಾದ ಮೇಲೆ, ಅಕ್ಷರಗಳನ್ನು ಧ್ವನಿಗಳಾಗಿ ಮಾಡುವುದು ಮುಂದಿನ ಕೆಲಸ. ಇಂಗ್ಲಿಷಿನಲ್ಲಿ ಇದೊಂದು ದೊಡ್ಡ ಕಷ್ಟ. ಆರ್, ಈ, ಏ, ಡೀ ಎಂಬ ನಾಲ್ಕು ಅಕ್ಷರಗಳು “ಓದು” ಎಂಬರ್ಥದಲ್ಲಿ “ರೀಡ್” ಎಂದೂ, “ಓದಿದನು” ಎಂಬರ್ಥದಲ್ಲಿ “ರೆಡ್” ಎಂದೂ ಉಚ್ಚಾರವಾಗುತ್ತವೆ. ಬರಹ ಮಾತ್ರ ಒಂದೇ. ಆದಕಾರಣ ಇಂಗ್ಲಿಷನ್ನು ಓದುವ ಯಂತ್ರಕ್ಕೆ ಉಚ್ಚಾರದ ದೊಡ್ಡ ನಿಘಂಟನ್ನೇ ಕೊಡಬೇಕಾಯಿತು. ನಮ್ಮ ಭಾಷೆ ಬರೆದಂತೆ ಓದುವ ಭಾಷೆ, ನಮಗೆ ಈ ತೊಡಕಿಲ್ಲವೆಂದು ಹೆಮ್ಮೆಪಡುವುದು ವಾಡಿಕೆ. ಹೆಮ್ಮೆ ಬಹುಮಟ್ಟಿಗೆ ನ್ಯಾಯವಾದದ್ದೇ, ಆದರೆ ಪೂರ್ತಿಯಾಗಿ ಅಲ್ಲ. “ಅಂಗಡಿ, ಅಂಚು, ಅಂಡೆ, ಅಂದ, ಅಂಬು” ಎಂದು ನಿಧಾನವಾಗಿ ಹೇಳಿರಿ. ಸೊನ್ನೆ ಒಂದೇ, ಆದರೆ ನಾಲಗೆಯು ಐದು ಸ್ಥಾನಗಳಲ್ಲಿ ಐದು ಅನುನಾಸಿಕಗಳನ್ನು ನುಡಿಯಿತು. “ಫಲ” ಎಂಬಲ್ಲಿನ “ಫ” ಬೇರೆ, “ಫೀಸು” ಎಂಬಲ್ಲಿನದು ಬೇರೆ. “ಅಭ್ಯಾಸ”ದ “ಭ್ಯಾ”ದಂತೆ “ಬ್ಯಾಂಕಿ”ನ “ಬ್ಯಾ”ವನ್ನು ಯಾರೂ ಉಚ್ಚರಿಸುವುದಿಲ್ಲ. “ಬ್ರಹ್ಮ” ಎಂದು ಬರೆದು “ಬ್ರಮ್ಹ” ಎನ್ನುತ್ತೇವೆ, “ಚಿಹ್ನೆ” ಎಂದು ಬರೆದು “ಚಿನ್ಹೆ” ಎನ್ನುತ್ತೇವೆ. ಶಾಸ್ತ್ರಿಗಳು ಇದಕ್ಕೆ ಹುಬ್ಬು ಗಂಟಿಕ್ಕಬಹುದು. ಆದರೆ ಯಂತ್ರವು ಓದಬೇಕಾದದ್ದು ಜನರ ಕಿವಿಗೆ.

ಧ್ವನಿಗಳು ಸಾಲಾಗಿ ನಿಂತರೂ ಅದು ಇನ್ನೂ ಮಾತಲ್ಲ. ಯಾವ ಧ್ವನಿ ಎಷ್ಟು ಹೊತ್ತು, ಎಲ್ಲಿ ಸ್ವರ ಏರಬೇಕು, ಎಲ್ಲಿ ಉಸಿರು ನಿಲ್ಲಬೇಕು ಎಂಬುದನ್ನು ಗೊತ್ತುಮಾಡಬೇಕು. “ನಿನ್ನೆ ಬಂದ ಭಟ್ಟರು ಹೇಳಿದರು” ಎಂಬ ವಾಕ್ಯವನ್ನು ನೋಡಿರಿ. ಒಂದೇ ಉಸಿರಿನಲ್ಲಿ “ನಿನ್ನೆ ಬಂದ” ಎಂದು ಓದಿದರೆ ಭಟ್ಟರು ಬಂದದ್ದು ನಿನ್ನೆ. “ನಿನ್ನೆ” ಎಂದು ನಿಲ್ಲಿಸಿ ಮುಂದುವರಿದರೆ ಹೇಳಿದ್ದು ನಿನ್ನೆ, ಬಂದದ್ದು ಎಂದೋ. ಅಕ್ಷರ ಒಂದೂ ಬದಲಾಗಲಿಲ್ಲ, ಅರ್ಥ ಬದಲಾಯಿತು. ಎರಡರಲ್ಲಿ ಯಾವುದು ಸರಿಯೆಂಬುದು ವಾಕ್ಯದಲ್ಲಿ ಬರೆದಿಲ್ಲ; ಹಿಂದಿನ ಕಥೆಯನ್ನು ತಿಳಿದವನಿಗೆ ಮಾತ್ರ ಗೊತ್ತು. ಯಂತ್ರವು ಇಲ್ಲಿ ಊಹೆ ಮಾಡುತ್ತದೆ. ಬಹಳ ವಾಕ್ಯಗಳನ್ನು ಕೇಳಿದ್ದರಿಂದ ಅದರ ಊಹೆ ಬಹುಸಲ ಸರಿಹೋಗುತ್ತದೆಂಬುದೂ ನಿಜ.

ಇನ್ನು ಧ್ವನಿಯನ್ನೇ ಹೊರಡಿಸುವ ಬಗೆ. ಗಣಕಯಂತ್ರದ ಧ್ವನಿಪೆಟ್ಟಿಗೆಯಲ್ಲಿ ಒಂದು ತೆಳುವಾದ ಪೊರೆಯುಂಟು. ಅದು ಮುಂದಕ್ಕೂ ಹಿಂದಕ್ಕೂ ಆಡಿ ಗಾಳಿಯನ್ನು ಅಲುಗಿಸುವುದರಿಂದ ನಮಗೆ ಶಬ್ದ ಕೇಳುತ್ತದೆ. ಯಾವ ಕ್ಷಣದಲ್ಲಿ ಪೊರೆಯು ಎಲ್ಲಿರಬೇಕೆಂಬುದನ್ನು ಸಂಖ್ಯೆಯಾಗಿ ಹೇಳಿದರೆ ಸಾಕು. ಆದರೆ ಎಷ್ಟು ಸಂಖ್ಯೆ? ಸ್ಪಷ್ಟವಾದ ಮಾತಿಗೆ ಒಂದು ಸೆಕೆಂಡಿಗೆ 16,000ದಷ್ಟು ಬೇಕು. “ಅಮ್ಮಾ” ಎಂದು ಒಂದು ಸಲ ಕೂಗುವಷ್ಟರಲ್ಲಿ ಸಾವಿರಾರು ಸಂಖ್ಯೆಗಳು ಮುಗಿದುಹೋಗುತ್ತವೆ. ಈ ಸಂಖ್ಯೆಗಳನ್ನು ಎಲ್ಲಿಂದ ತರುವುದೆಂಬುದಕ್ಕೆ ಮೂರು ದಾರಿಗಳು ಕಂಡುಬಂದಿವೆ.

ನಿಯಮಗಳಿಂದ ಲೆಕ್ಕಹಾಕಿ ಹುಟ್ಟಿಸುವುದು ಹಳೆಯ ದಾರಿ. 1961ರಲ್ಲಿಯೇ ಬೆಲ್ ಪ್ರಯೋಗಶಾಲೆಯ ಗಣಕವೊಂದು ಇಂಗ್ಲಿಷ್ ಹಾಡನ್ನು ಹಾಡಿತ್ತು. 1968ರಲ್ಲಿ ಜಪಾನಿನ ನೋರಿಕೋ ಉಮೇದಾ ಎಂಬ ವಿದುಷಿಯೂ ಅವರ ಜೊತೆಗಾರರೂ ಇಂಗ್ಲಿಷ್ ಬರಹವನ್ನು ಮೊದಲಿನಿಂದ ಕೊನೆಯವರೆಗೆ ಓದುವ ವ್ಯವಸ್ಥೆಯನ್ನು ಮಾಡಿದರು. ಈ ದಾರಿಯಲ್ಲಿ ಬಹಳ ದೂರ ನಡೆದವರು ಅಮೆರಿಕದ ಡೆನ್ನಿಸ್ ಕ್ಲಾಟ್. ಅವರು ತಮ್ಮ ಸ್ವಂತ ಧ್ವನಿಯನ್ನೇ ಅಳೆದು ಅಳೆದು ಅದಕ್ಕೆ ನಿಯಮಗಳನ್ನು ಬರೆದರು. ಬ್ರಿಟಿಷ್ ವಿಜ್ಞಾನಿ ಸ್ಟೀಫನ್ ಹಾಕಿಂಗರು 1985ರಲ್ಲಿ ನ್ಯುಮೋನಿಯಾ ಬಂದು, ಪ್ರಾಣ ಉಳಿಸಲು ಕತ್ತಿಗೆ ಶಸ್ತ್ರಕ್ರಿಯೆ ಮಾಡಿದ್ದರಿಂದ ಮಾತನ್ನು ಕಳೆದುಕೊಂಡಾಗ, ಅವರಿಗೆ ಮಾತಾಗಿ ಒದಗಿದ್ದು ಈ ಕ್ಲಾಟರ ಧ್ವನಿಯ ಆಧಾರದಿಂದಾದ ಯಂತ್ರ. ಅಮೆರಿಕದ ಉಚ್ಚಾರದ, ಲೋಹದ ಗಡಸುಳ್ಳ ಆ ಧ್ವನಿಗಿಂತ ಇಂಪಾದವು ಮುಂದೆ ಎಷ್ಟೋ ಬಂದರೂ ಹಾಕಿಂಗರು ಅದನ್ನು ಬಿಡಲಿಲ್ಲ. 2018ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ತಮ್ಮದೆಂದೇ ಇಟ್ಟುಕೊಂಡರು. ಕ್ಲಾಟರ ಸ್ವಂತ ಕಂಠವು ಅರ್ಬುದರೋಗದಿಂದ ಕೆಟ್ಟು, ಅವರು 1988ರಲ್ಲಿಯೇ ಗತಿಸಿದ್ದರು. ಅವರ ಧ್ವನಿಯ ನೆರಳು ಇನ್ನೊಬ್ಬರ ಬಾಯಾಗಿ ಮೂವತ್ತು ವರುಷ ಜಗತ್ತಿಗೆ ವಿಜ್ಞಾನವನ್ನು ಹೇಳಿತು.

ಎರಡನೆಯ ದಾರಿ, ನಿಜವಾದ ಮನುಷ್ಯರ ಧ್ವನಿಯನ್ನು ತುಂಡುಮಾಡಿ ಜೋಡಿಸುವುದು. ಇದನ್ನು ರೈಲು ನಿಲ್ದಾಣದ ಜೋಡಣೆಯೆಂದು ತಿಳಿಯಬಾರದು. ಇಲ್ಲಿನ ತುಂಡುಗಳು ಪದಗಳಿಗಿಂತ ಎಷ್ಟೋ ಚಿಕ್ಕವು. ಎಲ್ಲಿ ಕತ್ತರಿಸಬೇಕೆಂಬುದರಲ್ಲಿ ಜಾಣ್ಮೆಯಿದೆ. “ಕಿ” ಎನ್ನಲು ಸಿದ್ಧರಾಗಿ, ಆದರೆ ಹೇಳದೆ ನಿಲ್ಲಿರಿ. ಈಗ “ಕು” ಎನ್ನಲು ಸಿದ್ಧರಾಗಿರಿ. “ಕ” ಇನ್ನೂ ಹೊರಡುವ ಮೊದಲೇ ತುಟಿ ದುಂಡಗಾಗಿ ಮುಂದಿನ “ಉ”ಕಾರಕ್ಕೆ ಕಾದಿರುವುದಲ್ಲವೆ? ಧ್ವನಿಗಳು ಗೋಡೆಯ ಇಟ್ಟಿಗೆಗಳಂತೆ ಬೇರೆಬೇರೆ ಇಲ್ಲ. ಒಂದು ಇನ್ನೊಂದರೊಳಗೆ ಕರಗಿರುತ್ತದೆ. ಆದಕಾರಣ ಒಂದು ಧ್ವನಿಯ ನಡುಮಧ್ಯದಿಂದ ಮುಂದಿನ ಧ್ವನಿಯ ನಡುಮಧ್ಯದವರೆಗೆ ಕತ್ತರಿಸಿಡುತ್ತಾರೆ. ಕರಗುವ ಭಾಗವು ತುಂಡಿನೊಳಗೆ ಅಖಂಡವಾಗಿ ಉಳಿಯುವುದು. 1990ರ ದಶಕದಲ್ಲಿ ಒಬ್ಬರೇ ಓದುಗರಿಂದ ಗಂಟೆಗಟ್ಟಲೆ ಓದಿಸಿ, ಆ ಭಂಡಾರದಿಂದ ಸಂದರ್ಭಕ್ಕೆ ಒಪ್ಪುವ ತುಂಡನ್ನು ಆಯ್ದು ತರುವ ಪದ್ಧತಿ ಬಲಿಯಿತು.

ಮೂರನೆಯದು ಈಚಿನದು. 2016ರಲ್ಲಿ ಲಂಡನ್ನಿನ ಡೀಪ್‌ಮೈಂಡ್ ಎಂಬ ಸಂಸ್ಥೆಯವರು, ಹಿಂದಿನ ಸಂಖ್ಯೆಗಳನ್ನು ನೋಡಿ ಮುಂದಿನ ಸಂಖ್ಯೆ ಏನಿರಬಹುದೆಂದು ಊಹಿಸುತ್ತ, ಸೆಕೆಂಡಿಗೆ ಹದಿನಾರು ಸಾವಿರವನ್ನೂ ಒಂದೊಂದಾಗಿ ಹುಟ್ಟಿಸುವ ಯಂತ್ರವನ್ನು ತೋರಿಸಿದರು. ಇದಕ್ಕೆ ಯಾರೂ ನಿಯಮ ಬರೆದುಕೊಡುವುದಿಲ್ಲ. ಬರಹವನ್ನೂ ಅದನ್ನು ಓದಿದ ಧ್ವನಿಯನ್ನೂ ಜೊತೆಯಾಗಿ ಮುಂದಿಟ್ಟು, ತಪ್ಪಿದಾಗಲೆಲ್ಲ ಒಳಗಿನ ಲೆಕ್ಕವನ್ನು ಕೊಂಚ ಕೊಂಚ ತಿದ್ದುತ್ತ ಹೋಗುತ್ತಾರೆ; ಅಸಂಖ್ಯ ಸಲ ತಿದ್ದಿದ ಮೇಲೆ ಅದರ ಊಹೆ ಮನುಷ್ಯನ ಧ್ವನಿಗೆ ಹತ್ತಿರವಾಗುತ್ತದೆ. ಈಗ ನಿಮ್ಮ ಫೋನಿನಲ್ಲಿ ಕೇಳುವ ಇಂಪಾದ ಧ್ವನಿಗಳು ಬಹುಮಟ್ಟಿಗೆ ಈ ವಂಶದವೇ. ಚೆನ್ನೈಯಲ್ಲಿರುವ ಐ.ಐ.ಟಿ. ಮದ್ರಾಸ್, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಇವುಗಳಲ್ಲಿ ಕನ್ನಡವೇ ಮೊದಲಾದ ದೇಶಭಾಷೆಗಳಿಗೆ ಧ್ವನಿ ಕೊಡುವ ಕೆಲಸ ನಡೆದಿದೆ.

ಹೀಗೆ ಕಂಠದ ದೋಷ ತೀರಿತು. ಆದರೆ ಅರ್ಥದ ದೋಷ? ಹಳೆಯ ಗಡಸು ಧ್ವನಿಯು ತಪ್ಪಾಗಿ ಓದಿದಾಗ ಕೇಳುವವನು ಎಚ್ಚರಗೊಳ್ಳುತ್ತಿದ್ದನು. ಹೊಸ ಧ್ವನಿಯು ತಪ್ಪನ್ನೂ ನಿಧಾನವಾಗಿ, ನಯವಾಗಿ, ಎಲ್ಲವನ್ನೂ ಬಲ್ಲವರಂತೆ ಓದುತ್ತದೆ. ನಮ್ಮ ಅನುಭವದಲ್ಲಿಯೂ, ತಡವರಿಸುವ ಹುಡುಗನ ತಪ್ಪು ತಕ್ಷಣ ಸಿಕ್ಕುತ್ತಿತ್ತು. ಅರ್ಥವಾಗದಿದ್ದರೂ ರಾಗವಾಗಿ ಓದಿಕೊಂಡು ಹೋಗುವ ಹುಡುಗನೇ ಮೇಷ್ಟರನ್ನು ಏಮಾರಿಸುತ್ತಿದ್ದದ್ದು.

ಈ ಯಂತ್ರವು ಯಾರಿಗಾಗಿ ಹುಟ್ಟಿತೆಂಬುದನ್ನು ಮರೆಯಬಾರದು. 1976ರಲ್ಲಿ ಅಮೆರಿಕದ ರೇ ಕರ್ಜ್‌ವೈಲ್ ಎಂಬವರು ಅಚ್ಚಾದ ಪುಸ್ತಕವನ್ನು ಓದಿ ಹೇಳುವ ಯಂತ್ರವನ್ನು ಹೊರತಂದದ್ದು ಕಣ್ಣು ಕಾಣದವರಿಗಾಗಿ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಎಂಬ ಕಣ್ಣಿಲ್ಲದ ಯುವಕರೇ, ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ಎನ್.ವಿ.ಡಿ.ಎ. ಎಂಬ ಸಾಧನವನ್ನು ಪ್ರಾರಂಭಿಸಿ, ಕಾಸಿಲ್ಲದೆ ಜಗತ್ತಿಗೆ ಹಂಚಿದರು. ಇದರೊಡನೆ ಬರುವ ಈಸ್ಪೀಕ್ ಎಂಬ ಧ್ವನಿಯು ಕನ್ನಡವನ್ನೂ ಓದುತ್ತದೆ. ಅದು ಹಳೆಯ ನಿಯಮಮಾರ್ಗದ ಗಡಸು ಧ್ವನಿ. ನಮಗೆ ಕೇಳಲು ಹಿತವಿಲ್ಲ. ಆದರೆ ಅದನ್ನು ದಿನವೂ ಬಳಸುವ ಕುರುಡರಲ್ಲಿ ಅನೇಕರು ಇಂಪಾದ ಧ್ವನಿಗಿಂತ ಅದನ್ನೇ ಮೆಚ್ಚುತ್ತಾರೆ. ಏತಕ್ಕೆಂದರೆ, ನಾವು ಕಣ್ಣಿನಿಂದ ಪುಟವನ್ನು ಬೇಗ ಸವರುವಂತೆ ಅವರು ಓದಿನ ವೇಗವನ್ನು ಎರಡು ಮೂರು ಪಟ್ಟು ಹೆಚ್ಚಿಸಿ ಕೇಳುತ್ತಾರೆ. ಅಷ್ಟು ವೇಗದಲ್ಲಿಯೂ ಅದರ ಅಕ್ಷರಗಳು ಕಲಸಿಹೋಗುವುದಿಲ್ಲ. ಸಂಗೀತ ಬೇಕಾದವನಿಗೆ ಇಂಪು; ಪರೀಕ್ಷೆಗೆ ಓದಬೇಕಾದವನಿಗೆ ಸ್ಪಷ್ಟತೆ.

ಇಲ್ಲಿ ಮನೆಯ ಹಿರಿಯರಿಗೆ ಒಂದು ಮಾತನ್ನು ಹೇಳಬೇಕಾಗಿದೆ. ಯೂನಿಕೋಡಿಗೆ ಮುಂಚಿನ ಹಳೆಯ ಅಕ್ಷರವಿನ್ಯಾಸಗಳಲ್ಲಿ ಕನ್ನಡವನ್ನು ಬೆರಳಚ್ಚು ಮಾಡುವವರು ಇನ್ನೂ ಇದ್ದಾರೆ. ಅವುಗಳಲ್ಲಿ ಕನ್ನಡದ ಆಕಾರಗಳಿಗೆ ಇಂಗ್ಲಿಷ್ ಅಕ್ಷರಗಳ ಸಂಖ್ಯೆಯನ್ನೇ ಕೊಟ್ಟಿರುತ್ತದೆ. ಕಣ್ಣಿಗೆ ಕಾಣುವುದು ಚೊಕ್ಕವಾದ ಕನ್ನಡ. ಓದುವ ಯಂತ್ರಕ್ಕೆ ಅದು ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಕಾಗದದ ಚಿತ್ರವನ್ನು ತೆಗೆದು ಕಳುಹಿಸಿದರೂ ಹಾಗೆಯೇ. ಅದರಲ್ಲಿನ ಅಕ್ಷರಗಳನ್ನು ಗುರುತಿಸುವ ಇನ್ನೊಂದು ಸಾಧನವಿಲ್ಲದಿದ್ದರೆ ಯಂತ್ರವು ಮೌನವಾಗಿರುತ್ತದೆ. ಸಂಘದ ಪ್ರಕಟಣೆಯೋ ಶಾಲೆಯ ಪಾಠವೋ ಹೀಗೆ ಹೋದರೆ, ಅದನ್ನು ಪಡೆದ ಕುರುಡ ಹುಡುಗನಿಗೆ ಖಾಲಿ ಹಾಳೆಯನ್ನು ಕೊಟ್ಟಂತೆಯೇ. ಯೂನಿಕೋಡಿನಲ್ಲಿ ಬೆರಳಚ್ಚು ಮಾಡಲು ಹೆಚ್ಚಿನ ಖರ್ಚೂ ಇಲ್ಲ, ಶ್ರಮವೂ ಇಲ್ಲ. ಇನ್ನೊಂದು: ಕೆಲವೇ ಕ್ಷಣಗಳ ಮುದ್ರಿಕೆಯಿಂದ ಯಾರ ಧ್ವನಿಯನ್ನಾದರೂ ಅನುಕರಿಸುವ ಯಂತ್ರಗಳು ಈಗ ಬಂದಿರುವುದರಿಂದ, ಮಗನ ಧ್ವನಿಯಲ್ಲಿ ಹಣ ಕೇಳಿ ಫೋನು ಬಂದರೆ, ಅದನ್ನಿಟ್ಟು ಮಗನ ಸಂಖ್ಯೆಗೆ ನೀವೇ ಕರೆಮಾಡಿ ವಿಚಾರಿಸತಕ್ಕದ್ದು.

ಈಗ ಹುಡುಗರಿಗೆ ಕೆಲಸ. ಮನೆಯ ಫೋನಿನಲ್ಲಿ ಈ ಕೆಳಗಿನದನ್ನು ಬರೆದು ಗಟ್ಟಿಯಾಗಿ ಓದಿಸಿರಿ: “ದಿ|| 5-6-2025ರಂದು 3 ಹುಡುಗರು 2.30ಕ್ಕೆ ಹೊರಟು 1/2 ಕಿ.ಮೀ. ನಡೆದು, ಬ್ಯಾಂಕಿನ ಪಕ್ಕದಲ್ಲಿ ಫಲಾಹಾರ ಮಾಡಿದರು.” ಯಂತ್ರವು ಎಲ್ಲೆಲ್ಲಿ ಎಡವಿತು, ಅದು ಗುರುತನ್ನು ಬಿಡಿಸುವಲ್ಲಿನ ತಪ್ಪೋ ಅಕ್ಷರವನ್ನು ನುಡಿಯುವಲ್ಲಿನ ತಪ್ಪೋ ಎಂದು ಒಂದು ಹಾಳೆಯಲ್ಲಿ ಎರಡು ಸಾಲು ಮಾಡಿ ಬರೆಯಿರಿ. ಬೇರೊಂದು ಫೋನು ಸಿಕ್ಕಿದರೆ ಅದರಲ್ಲಿಯೂ ನೋಡಿ. ಎರಡರ ತಪ್ಪುಗಳು ಒಂದೇ ಆಗಿರಬೇಕಾಗಿಲ್ಲ. ಕೊನೆಗೆ ನಮ್ಮ ಭಟ್ಟರ ವಾಕ್ಯವನ್ನು ಕೊಡಿರಿ: “ನಿನ್ನೆ” ಎಂಬುದರ ಮುಂದೆ ಅಲ್ಪವಿರಾಮವನ್ನು ಇಟ್ಟು ಒಮ್ಮೆ, ಇಡದೆ ಒಮ್ಮೆ. ಎರಡನ್ನೂ ಕೇಳಿ, ಭಟ್ಟರು ಯಾವಾಗ ಬಂದರೆಂದು ಅಜ್ಜಿಯನ್ನು ಕೇಳಿರಿ.